ಮಗುವಿನ ಬೆನ್ನಿನ ರಾಡ್‌ಗೆ ಮರುಶಸ್ತ್ರಚಿಕಿತ್ಸೆ: ಯಾವ ದಾರಿ ಯಾವ ಮಗುವಿಗೆ?

ಬೆನ್ನುಮೂಳೆ ಡೊಂಕಾಗಿದೆ ಎಂದು ಮಗುವಿಗೆ ಒಮ್ಮೆ ಶಸ್ತ್ರಚಿಕಿತ್ಸೆ ಆಗಿದೆ. ರಾಡ್, ಸ್ಕ್ರೂಗಳು ಒಳಗಿವೆ. ಈಗ ರಾಡ್ ಮುರಿದಿದೆ, ಇಲ್ಲವೇ ಸ್ಕ್ರೂ ಸಡಿಲಗೊಂಡು ಹೊರಬರುತ್ತಿದೆ, ಇಲ್ಲವೇ ರಾಡಿನ ಮೇಲ್ತುದಿಯಿಂದಾಚೆಗೆ ಬೆನ್ನು ಮುಂದಕ್ಕೆ ಬಾಗತೊಡಗಿದೆ. ಇನ್ನೊಂದು ಆಪರೇಷನ್ ಬೇಕಾಗಬಹುದು ಎಂಬ ಮಾತು ಕಿವಿಗೆ ಬಿದ್ದ ಗಳಿಗೆಯಿಂದ ಮನೆಯಲ್ಲಿ ಒಂದೇ ಚರ್ಚೆ: ಮಾಡಿಸುವುದೋ, ಬೇಡವೋ?

ಪ್ರಶ್ನೆಯನ್ನು ಹೀಗೆ ಹೌದು–ಇಲ್ಲ ಎಂದು ಕಟ್ಟಿಕೊಂಡರೆ ಉತ್ತರ ಸಿಗುವುದಿಲ್ಲ. ಎದುರಿಗಿರುವುದು ಎರಡಲ್ಲ, ಐದು ದಾರಿಗಳು: ಗಮನವಿಟ್ಟು ಕಾಯುವುದು, ಕೆಟ್ಟಿರುವಷ್ಟನ್ನೇ ಸರಿಪಡಿಸುವುದು, ಬೇರೆ ಬಗೆಯ ರಾಡ್‌ಗೆ ಬದಲಿಸುವುದು, ಮೂಳೆಗಳನ್ನು ಬೆಸೆದು ಮುಗಿಸುವುದು, ಲೋಹವನ್ನೆಲ್ಲ ತೆಗೆದುಹಾಕುವುದು. ರಾಡ್ ಹಾಕಿಸಿಕೊಂಡ ಮಗಳ ತಾಯಿಯಾಗಿ ನಾನು ಈ ಐದನ್ನೂ ತೂಗಿ ನೋಡಿದ್ದೇನೆ. ಯಾವುದನ್ನೇ ಆರಿಸುವ ಮುನ್ನ ಶಸ್ತ್ರಚಿಕಿತ್ಸಕರಿಂದ ಒಂದು ಲೆಕ್ಕ ಪಡೆಯಲೇಬೇಕು ಎಂದು ಗಟ್ಟಿಯಾಗಿ ನಂಬಿದ್ದೇನೆ. ಈ ದಾರಿ ಹಿಡಿದರೆ, ಮಗುವಿನ ಬೆಳವಣಿಗೆ ಮುಗಿಯುವವರೆಗೆ ಬೆನ್ನನ್ನು ಒಟ್ಟು ಎಷ್ಟು ಬಾರಿ ತೆರೆಯಬೇಕಾದೀತು?

ಈ ಲೆಕ್ಕಕ್ಕೆ ಆಧಾರವಿದೆ. ಬೆಳವಣಿಗೆಯ ರಾಡ್, ಅಂದರೆ ಮಗು ಬೆಳೆದಂತೆ ಆಗಾಗ ಉದ್ದ ಮಾಡುವ ರಾಡ್, ಹಾಕಿಸಿಕೊಂಡ 140 ಮಕ್ಕಳನ್ನು ಗಮನಿಸಿದ, 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 81 ಮಕ್ಕಳಿಗೆ, ಅಂದರೆ ಶೇಕಡಾ 58ರಷ್ಟು ಮಕ್ಕಳಿಗೆ, ಒಂದಾದರೂ ತೊಡಕು ಎದುರಾಗಿತ್ತು. ಪ್ರತಿ ಹೆಚ್ಚುವರಿ ಶಸ್ತ್ರಚಿಕಿತ್ಸೆಗೆ ತೊಡಕಿನ ಅಪಾಯ ಶೇಕಡಾ 24ರಷ್ಟು ಏರುತ್ತಿತ್ತು. ಮೊದಲ ಶಸ್ತ್ರಚಿಕಿತ್ಸೆಯ ಹೊತ್ತಿಗೆ ಮಗು ಒಂದು ವರ್ಷ ದೊಡ್ಡದಾಗಿದ್ದರೆ ಅದೇ ಅಪಾಯ ಶೇಕಡಾ 13ರಷ್ಟು ಇಳಿಯುತ್ತಿತ್ತು. ಎರಡು ವಿಷಯ ಇದರಿಂದ ತಿಳಿಯುತ್ತವೆ. ತೊಡಕು ಬಂದಿದೆ ಎಂದಮಾತ್ರಕ್ಕೆ ಯಾರೋ ತಪ್ಪು ಮಾಡಿದ್ದಾರೆ ಎಂದು ಅರ್ಥವಲ್ಲ, ಈ ಚಿಕಿತ್ಸೆಯ ಸ್ವಭಾವವೇ ಹಾಗೆ. ಇನ್ನೊಂದು, ಇಂದಿನ ಶಸ್ತ್ರಚಿಕಿತ್ಸೆ ನಾಳಿನ ಶಸ್ತ್ರಚಿಕಿತ್ಸೆಯ ಮೇಲೂ ಪರಿಣಾಮ ಬೀರುತ್ತದೆ.

ವಯಸ್ಸು ಏಕೆ ಎಲ್ಲಕ್ಕಿಂತ ಮುಖ್ಯ

ಒಂದೇ ಬಗೆಯಾಗಿ ರಾಡ್ ಮುರಿದಿರುವ ಐದು ವರ್ಷದ ಮಗುವಿನ ವಿಷಯ ಬೇರೆ, ಹನ್ನೆರಡು ವರ್ಷದ ಮಗುವಿನ ವಿಷಯವೇ ಬೇರೆ. ಕತ್ತಿನ ಬುಡದಿಂದ ಸೊಂಟದವರೆಗಿನ ಬೆನ್ನುಮೂಳೆ ಹುಟ್ಟಿನಿಂದ ಐದು ವರ್ಷದೊಳಗೆ ಸುಮಾರು 10 ಸೆಂಟಿಮೀಟರ್ ಬೆಳೆಯುತ್ತದೆ. ಐದರಿಂದ ಹತ್ತರವರೆಗೆ ವೇಗ ಕುಗ್ಗಿ 5 ಸೆಂಟಿಮೀಟರ್ ಆಗುತ್ತದೆ. ಹತ್ತರ ನಂತರ ಪ್ರಾಯಕ್ಕೆ ಬರುವ ಹೊತ್ತಿನಲ್ಲಿ ಮತ್ತೆ ಸುಮಾರು 10 ಸೆಂಟಿಮೀಟರ್ ಬೆಳೆಯುತ್ತದೆ. ವಕ್ರತೆ ಇರುವ ಮಗುವಿನಲ್ಲಿ ಈ ವೇಗದ ವರ್ಷಗಳೇ ಡೊಂಕು ಹೆಚ್ಚುವ ವರ್ಷಗಳೂ ಹೌದು.

ಇಲ್ಲಿ ಪ್ರಶ್ನೆ ಎತ್ತರದ್ದಲ್ಲ, ಉಸಿರಿನದು. ಎದೆಗೂಡು ಬೆಳೆಯದಿದ್ದರೆ ಶ್ವಾಸಕೋಶಕ್ಕೆ ಬೆಳೆಯಲು ಜಾಗವಿರುವುದಿಲ್ಲ. ಎಳೆಯ ವಯಸ್ಸಿನಲ್ಲೇ ಬೆನ್ನಿನ ಮೂಳೆಗಳನ್ನು ಬೆಸೆಸಿಕೊಂಡ ಮಕ್ಕಳನ್ನು ಗಮನಿಸಿದ ವೈದ್ಯರು 2008ರಲ್ಲಿ ಒಂದು ಅಳತೆ ಕೊಟ್ಟರು: ಎದೆಯ ಭಾಗದ ಬೆನ್ನುಮೂಳೆ ಕನಿಷ್ಠ 18 ಸೆಂಟಿಮೀಟರ್, ಸಾಧ್ಯವಾದರೆ 22 ಸೆಂಟಿಮೀಟರ್ ಇದ್ದರೆ ಮುಂದೆ ಉಸಿರಾಟದ ತೀವ್ರ ತೊಂದರೆಯಿಂದ ಪಾರಾಗುವ ಸಂಭವ ಹೆಚ್ಚು. ನಿಮ್ಮ ಮಗುವಿನ ಈ ಅಳತೆ ಎಕ್ಸ್‌ರೇಯಲ್ಲಿಯೇ ಸಿಗುತ್ತದೆ. ಕೇಳಿ ಬರೆದಿಟ್ಟುಕೊಳ್ಳಿ. ಡೊಂಕಿನ ಕೋನವನ್ನು ಎಲ್ಲರೂ ಕೇಳುತ್ತಾರೆ, ಈ ಉದ್ದವನ್ನು ಕೇಳುವವರು ಕಡಿಮೆ. ಮಗುವಿಗೆ ಹತ್ತು ವರ್ಷ ತುಂಬುವ ಮುಂಚೆ ಕೋನಕ್ಕಿಂತ ಇದಕ್ಕೇ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ಏನು ಕೆಟ್ಟಿದೆ, ಏಕೆ ಕೆಟ್ಟಿದೆ

ತಂತಿಯನ್ನು ಒಂದೇ ಜಾಗದಲ್ಲಿ ಹಿಂದಕ್ಕೂ ಮುಂದಕ್ಕೂ ಬಾಗಿಸುತ್ತಿದ್ದರೆ ಅದು ಕೊನೆಗೆ ತುಂಡಾಗುವುದಿಲ್ಲವೇ, ರಾಡ್ ಮುರಿಯುವುದೂ ಹಾಗೆಯೇ. ಬೆಳವಣಿಗೆಯ ರಾಡ್‌ಗೆ ಮೇಲೆ ಮತ್ತು ಕೆಳಗೆ ಮಾತ್ರ ಮೂಳೆಯ ಹಿಡಿತವಿರುತ್ತದೆ. ನಡುವಿನ ಬೆನ್ನು ಬೆಳೆಯಲೆಂದು ಬಿಟ್ಟದ್ದು, ಅದು ಅಲುಗಾಡುತ್ತಲೇ ಇರುತ್ತದೆ. ಇಂತಹ 327 ಮಕ್ಕಳ ದಾಖಲೆಗಳನ್ನು ನೋಡಿದ 2011ರ ಅಧ್ಯಯನದಲ್ಲಿ ಶೇಕಡಾ 15ರಷ್ಟು ಮಕ್ಕಳಲ್ಲಿ ರಾಡ್ ಮುರಿದಿತ್ತು. ಒಂಟಿ ರಾಡ್, ತೆಳ್ಳಗಿನ ರಾಡ್, ಹಿಂದೊಮ್ಮೆ ಮುರಿದ ಇತಿಹಾಸ, ಓಡಾಡುವ ಮಗು, ಇವೆಲ್ಲ ಅಪಾಯ ಹೆಚ್ಚಿಸುವ ಅಂಶಗಳು. ಮಗು ಓಡಾಡುವುದು ಒಳ್ಳೆಯದೇ ತಾನೆ, ಅದಕ್ಕಾಗಿ ಯಾರೂ ಮಗುವನ್ನು ಗದರಬೇಕಾಗಿಲ್ಲ.

ಆದರೆ ಮೂಳೆಗಳನ್ನು ಬೆಸೆದ ಶಸ್ತ್ರಚಿಕಿತ್ಸೆಯಾಗಿ ವರ್ಷಗಳು ಕಳೆದ ಮೇಲೆ ರಾಡ್ ಮುರಿದರೆ ಅದರ ಅರ್ಥ ಬೇರೆ. ಎಲ್ಲೋ ಒಂದು ಕಡೆ ಮೂಳೆ ಕೂಡಿಕೊಂಡಿಲ್ಲ ಎಂಬ ಸೂಚನೆ ಅದು. ಆಗ ಸಿ.ಟಿ. ಸ್ಕ್ಯಾನ್ ಮಾಡಿ ಕೂಡದ ಜಾಗವನ್ನು ಪತ್ತೆಹಚ್ಚಬೇಕು. ಬರೀ ರಾಡ್ ಬದಲಿಸಿದರೆ ಹೊಸ ರಾಡೂ ಅದೇ ಜಾಗದಲ್ಲಿ ಮುರಿದೀತು.

ರಾಡಿನ ಮೇಲ್ತುದಿಯಲ್ಲಿ ಬೆನ್ನು ಮುಂದಕ್ಕೆ ಬಾಗುವುದು ಮತ್ತೊಂದು ಬಗೆ. ಅಲ್ಲಿನ ಕೋನ ಶಸ್ತ್ರಚಿಕಿತ್ಸೆಗೆ ಮುಂಚೆ ಇದ್ದುದಕ್ಕಿಂತ 10 ಡಿಗ್ರಿಯಾದರೂ ಹೆಚ್ಚಿದರೆ ವೈದ್ಯರು ಅದಕ್ಕೊಂದು ಹೆಸರಿಟ್ಟು ವರದಿಯಲ್ಲಿ ಬರೆಯುತ್ತಾರೆ. ವರದಿ ಓದಿ ಗಾಬರಿಯಾಗುವುದು ಸಹಜ. ಎಕ್ಸ್‌ರೇಯಲ್ಲಿ ಮಾತ್ರ ಕಾಣುವ, ಮಗುವಿಗೆ ಯಾವ ತೊಂದರೆಯನ್ನೂ ಕೊಡದ ಬಾಗು ಎಷ್ಟೋ ಮಕ್ಕಳಲ್ಲಿ ಇರುತ್ತದೆ. ಮಗು ನೇರವಾಗಿ ಎದುರಿಗೆ ನೋಡಲು ಕಷ್ಟಪಡುತ್ತಿದೆಯೇ, ಸ್ಕ್ರೂ ಚರ್ಮಕ್ಕೆ ಒತ್ತುತ್ತಿದೆಯೇ, ಕೈಕಾಲಿನಲ್ಲಿ ಜೋಮು ಇದೆಯೇ ಎಂಬುದೇ ಮುಖ್ಯ.

ಕಾಯುವುದು

ರಾಡ್ ಮುರಿದಿದ್ದರೂ ಕಾಯಬಹುದೇ? ಹಲವು ಸಲ ಕಾಯಬಹುದು. ಎರಡು ರಾಡ್‌ಗಳಲ್ಲಿ ಒಂದು ಮಾತ್ರ ಮುರಿದಿದ್ದು, ನೋವಿಲ್ಲದೆ, ಕೋನ ಬದಲಾಗದೆ, ಚರ್ಮ ಚೆನ್ನಾಗಿದ್ದರೆ, ಮುಂದಿನ ನಿಗದಿತ ಉದ್ದೀಕರಣದ (ರಾಡನ್ನು ಉದ್ದ ಮಾಡುವ ಶಸ್ತ್ರಚಿಕಿತ್ಸೆಯ) ಹೊತ್ತಿಗೆ ಇದನ್ನೂ ಸೇರಿಸಿ ಮಾಡುವುದುಂಟು. ಹಾಗೆ ಮಾಡಿದರೆ ಒಂದು ಶಸ್ತ್ರಚಿಕಿತ್ಸೆ ಉಳಿಯುತ್ತದೆ. ಮೊದಲೇ ಹೇಳಿದ ಲೆಕ್ಕದಲ್ಲಿ ಅದು ಸಣ್ಣ ಲಾಭವಲ್ಲ.

ಕಾಯುವುದಕ್ಕೂ ಕ್ರಮವಿದೆ. ಮುಂದಿನ ಎಕ್ಸ್‌ರೇ ಯಾವ ತಿಂಗಳು, ಯಾವ ಬದಲಾವಣೆ ಕಂಡರೆ ತೀರ್ಮಾನ ಬದಲಾಗುತ್ತದೆ ಎಂದು ಮೊದಲೇ ಗೊತ್ತುಮಾಡಿಕೊಳ್ಳಬೇಕು. ಕೋನದ ಅಳತೆಯಲ್ಲಿ ಸುಮಾರು 5 ಡಿಗ್ರಿಯವರೆಗಿನ ವ್ಯತ್ಯಾಸ ಅಳೆಯುವವರ ಕೈಯಿಂದಲೇ ಬರಬಹುದು. ಹಾಗಾಗಿ 52 ಇದ್ದದ್ದು 55 ಆಗಿದೆ ಎಂದು ನಿದ್ದೆ ಕಳೆದುಕೊಳ್ಳುವುದು ಬೇಡ. ಕಳೆದ ಸಲ ನಿಂತು ತೆಗೆದ ಚಿತ್ರ, ಈ ಸಲ ಮಲಗಿ ತೆಗೆದದ್ದು ಆಗಿದ್ದರಂತೂ ಹೋಲಿಕೆಗೇ ಅರ್ಥವಿಲ್ಲ.

ಚರ್ಮವನ್ನು ಮಾತ್ರ ದಿನವೂ ನೋಡಬೇಕು. ನಮ್ಮ ಮಗಳು ತೆಳ್ಳಗೆ. ಭುಜದ ಮೂಳೆಗಳ ನಡುವೆ ಒಂದು ಸ್ಕ್ರೂವಿನ ತಲೆ ಕಾಳಿನಷ್ಟು ಉಬ್ಬಿ ಕೈಗೆ ಸಿಗುತ್ತಿತ್ತು, ಕುರ್ಚಿಯ ಬೆನ್ನಿಗೆ ಒರಗಿದ ದಿನ ಅಲ್ಲಿ ಕೆಂಪಾಗುತ್ತಿತ್ತು. ವೈದ್ಯರು ಹೆಬ್ಬೆರಳಿನಿಂದ ಆ ಕೆಂಪನ್ನು ಒತ್ತಿ ಬಿಟ್ಟು ತೋರಿಸಿದರು. ಒತ್ತಿದಾಗ ಬಿಳಿಚಿಕೊಂಡು, ಬಿಟ್ಟೊಡನೆ ಬಣ್ಣ ಮರಳಿದರೆ ಚರ್ಮ ಇನ್ನೂ ತಾಳಿಕೊಂಡಿದೆ. ಒತ್ತಿದರೂ ಕೆಂಪು ಹಾಗೇ ಉಳಿದರೆ, ಚರ್ಮ ತೆಳುವಾಗಿ ಹೊಳೆಯತೊಡಗಿದರೆ, ಕಾಯುವ ಕಾಲ ಮುಗಿಯಿತು. ಅಂಗಿ ಹಾಕುವಾಗಿನ ಆ ಒಂದು ನಿಮಿಷದ ಪರೀಕ್ಷೆ ನಮಗೆ ಎರಡು ಎಕ್ಸ್‌ರೇಗಳ ನಡುವಿನ ತಿಂಗಳುಗಳಲ್ಲಿ ದೊಡ್ಡ ಧೈರ್ಯ ಕೊಟ್ಟಿತು.

ಕೆಟ್ಟಷ್ಟನ್ನೇ ಸರಿಪಡಿಸುವುದು

ಮುರಿದ ರಾಡ್ ತೆಗೆದು ಹೊಸದು, ಸಡಿಲಾದ ಸ್ಕ್ರೂ ತೆಗೆದು ಇನ್ನೊಂದು. ಶಸ್ತ್ರಚಿಕಿತ್ಸೆ ಚಿಕ್ಕದು, ರಕ್ತಸ್ರಾವ ಕಡಿಮೆ, ಮಗು ಬೇಗ ಏಳುತ್ತದೆ. ಇಷ್ಟೆಲ್ಲ ಅನುಕೂಲವಿದ್ದರೂ ಇಲ್ಲಿ ಒಂದು ಪ್ರಶ್ನೆಯನ್ನು ಬಿಡದೆ ಕೇಳಬೇಕು: ಈ ಸಲ ಏನು ಬೇರೆ ಮಾಡುತ್ತೀರಿ? ಅದೇ ದಪ್ಪದ ರಾಡನ್ನು ಅದೇ ಹಿಡಿತಗಳಿಗೆ ಮತ್ತೆ ಕೂರಿಸಿದರೆ ಅದೇ ಒತ್ತಡ ಅದೇ ಜಾಗಕ್ಕೆ ಬೀಳುತ್ತದೆ. ಇನ್ನೂ ದಪ್ಪನೆಯ ರಾಡ್, ಒಂದರ ಬದಲು ಎರಡು, ಜೋಡಣೆಯ ತುಂಡನ್ನು ಬೇರೆ ಎತ್ತರದಲ್ಲಿ ಇಡುವುದು, ಮೇಲಿನ ಹಿಡಿತಕ್ಕೆ ಬೆನ್ನುಮೂಳೆಯ ಇನ್ನೆರಡು ಮಣಿಗಳನ್ನೋ ಪಕ್ಕೆಲುಬನ್ನೋ ಸೇರಿಸುವುದು, ಹೀಗೆ ಏನಾದರೊಂದು ಉತ್ತರ ಬರಬೇಕು. ಉತ್ತರ ಸ್ಪಷ್ಟವಾಗಿದ್ದರೆ ಚಿಕ್ಕ ಮಕ್ಕಳಿಗೆ ಈ ದಾರಿಯೇ ಸಾಮಾನ್ಯವಾಗಿ ಹೆಚ್ಚು ಸೂಕ್ತ ಎಂದು ನನ್ನ ಅನಿಸಿಕೆ.

ಬೇರೆ ಬಗೆಯ ರಾಡ್‌ಗೆ ಬದಲಿಸುವುದು

ಹೇಗೂ ಬೆನ್ನು ತೆರೆಯುತ್ತೇವೆ, ಇದೇ ಸಮಯದಲ್ಲಿ ಆಯಸ್ಕಾಂತದ ರಾಡ್ ಹಾಕಿಬಿಡೋಣವೇ ಎಂಬ ಮಾತು ಈ ಹಂತದಲ್ಲಿ ಬರುತ್ತದೆ. ಆಕರ್ಷಣೆ ಅರ್ಥವಾಗುವಂಥದ್ದೇ. ಸಾಂಪ್ರದಾಯಿಕ ರಾಡ್‌ಗೆ ಸುಮಾರು ಆರು ತಿಂಗಳಿಗೊಮ್ಮೆ ಅರಿವಳಿಕೆ ಕೊಟ್ಟು, ಬೆನ್ನು ಕೊಯ್ದು ಉದ್ದ ಮಾಡಬೇಕು. ಆಯಸ್ಕಾಂತದ ರಾಡನ್ನು ಮಗು ಎಚ್ಚರವಾಗಿದ್ದಾಗಲೇ ಬೆನ್ನ ಮೇಲೆ ಒಂದು ಯಂತ್ರವನ್ನು ಹಿಡಿದು ಉದ್ದ ಮಾಡಬಹುದು. 2012ರಲ್ಲಿ ಹಾಂಕಾಂಗ್‌ನ ವೈದ್ಯರು ಇದರ ಮೊದಲ ಫಲಿತಾಂಶಗಳನ್ನು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. 2014ರಲ್ಲಿ ಅಮೆರಿಕದಲ್ಲಿ ಔಷಧ, ವೈದ್ಯಕೀಯ ಸಾಧನಗಳನ್ನು ನಿಯಂತ್ರಿಸುವ ಸಂಸ್ಥೆ ಎಫ್‌ಡಿಎ ಅನುಮತಿ ಕೊಟ್ಟಿತು. ಮೂರು ವರ್ಷದೊಳಗಿನ ಮಕ್ಕಳಿಗೆ ಪದೇ ಪದೇ ಅಥವಾ ಮೂರು ಗಂಟೆಗೂ ಹೆಚ್ಚು ಹೊತ್ತು ಅರಿವಳಿಕೆ ಕೊಡುವುದು ಮೆದುಳಿನ ಬೆಳವಣಿಗೆಯ ಮೇಲೆ ಪರಿಣಾಮ ಬೀರಬಹುದು ಎಂದು ಅದೇ ಸಂಸ್ಥೆ 2016ರ ಡಿಸೆಂಬರ್‌ನಲ್ಲಿ ಎಚ್ಚರಿಸಿದ ಮೇಲೆ ಇದರ ಬೇಡಿಕೆಗೆ ಇನ್ನಷ್ಟು ಕಾರಣ ಸಿಕ್ಕಿತು.

ಆದರೆ ವರ್ಷಗಳು ಕಳೆದಂತೆ ಇನ್ನೊಂದು ಮುಖವೂ ಕಂಡಿತು. ಒಳಗಿನ ಭಾಗಗಳು ಸವೆದು ಲೋಹದ ಪುಡಿ ಸುತ್ತಲಿನ ಮಾಂಸವನ್ನು ಕಪ್ಪಾಗಿಸಿದ್ದು, ಕೆಲವರ ರಕ್ತದಲ್ಲಿ ಟೈಟಾನಿಯಂ ಪ್ರಮಾಣ ಹೆಚ್ಚಿದ್ದು, ಒಳಗಿನ ಪಿನ್ ಮುರಿದು ರಾಡ್ ಉದ್ದವಾಗದೆ ನಿಂತದ್ದು ವರದಿಯಾದವು. ಹೆಚ್ಚು ಬಳಕೆಯಲ್ಲಿದ್ದ ಮ್ಯಾಜೆಕ್ ರಾಡನ್ನು ಹೊಸದಾಗಿ ಅಳವಡಿಸದಂತೆ 2020ರಲ್ಲಿ ಬ್ರಿಟನ್ನಿನ ನಿಯಂತ್ರಣ ಸಂಸ್ಥೆ ಸೂಚಿಸಿತು. 2021ರಲ್ಲಿ ಎಫ್‌ಡಿಎ ಕೂಡ ವೈದ್ಯರಿಗೂ ಪೋಷಕರಿಗೂ ಎಚ್ಚರಿಕೆ ನೀಡಿತು. ಹಾಗೆಂದು ಈ ರಾಡ್ ಯಾರಿಗೂ ಬೇಡ ಎಂದಲ್ಲ. ಅರಿವಳಿಕೆ ಕೊಟ್ಟಾಗಲೆಲ್ಲ ಉಸಿರಾಟಕ್ಕೆ ಅಪಾಯವಾಗುವ ಚಿಕ್ಕ ಮಗುವಿಗೆ ಇದು ದೊಡ್ಡ ಉಪಕಾರವೇ ಆಗಬಹುದು. ಆದರೆ ರಾಡಿನ ಯಂತ್ರವಿರುವ ಭಾಗ 7ರಿಂದ 9 ಸೆಂಟಿಮೀಟರ್ ಉದ್ದವಿದ್ದು ಅದನ್ನು ಬಾಗಿಸಲು ಬರುವುದಿಲ್ಲ. ಬಹಳ ಪುಟ್ಟ ಬೆನ್ನಿಗೆ, ತೀರಾ ಗೂನಿರುವ ಬೆನ್ನಿಗೆ ಅದು ಕೂರುವುದೇ ಕಷ್ಟ. ಎಂಆರ್‌ಐ ಪದೇ ಪದೇ ಬೇಕಾಗುವ ಮಗುವಾದರೆ ರಾಡಿನ ಸುತ್ತಲಿನ ಚಿತ್ರ ಮಸುಕಾಗುತ್ತದೆ ಎಂಬುದನ್ನೂ ನೆನಪಿಡಬೇಕು.

ಮರುಶಸ್ತ್ರಚಿಕಿತ್ಸೆಯ ವೇಳೆ ಬದಲಿಸುವವರು ತಿಳಿದಿರಬೇಕಾದ ಇನ್ನೊಂದು ಮಾತಿದೆ. ಪದೇ ಪದೇ ಉದ್ದ ಮಾಡಿದ ಬೆನ್ನು ಕ್ರಮೇಣ ಬಿಗಿಯುತ್ತದೆ, ಬೆಸೆಯದೆ ಬಿಟ್ಟ ಮಣಿಗಳೂ ತಾವಾಗಿಯೇ ಕೂಡಿಕೊಳ್ಳತೊಡಗುತ್ತವೆ. ಪ್ರತಿ ಸಲ ಸಿಗುವ ಉದ್ದ ಹಿಂದಿನ ಸಲಕ್ಕಿಂತ ಕಡಿಮೆಯಾಗುತ್ತಾ ಹೋಗುತ್ತದೆ. ಆದ್ದರಿಂದ ಹೊಸ ಬೆನ್ನಿನಲ್ಲಿ ಆಯಸ್ಕಾಂತದ ರಾಡ್ ಕೊಡುವ ಫಲ, ಹಲವು ಬಾರಿ ಎಳೆಸಿಕೊಂಡ ಬೆನ್ನಿನಲ್ಲಿ ಸಿಗುವುದಿಲ್ಲ. ಹತ್ತು–ಹನ್ನೊಂದರ ಅಂಚಿನಲ್ಲಿರುವ ಮಗುವಿಗೆ ಈ ಬದಲಾವಣೆಯನ್ನು ಯಾರಾದರೂ ಸೂಚಿಸಿದರೆ, ಇದರಿಂದ ಎಷ್ಟು ಸೆಂಟಿಮೀಟರ್ ಸಿಗುತ್ತದೆ ಎಂದು ನೇರವಾಗಿ ಕೇಳಿ.

ಬೆಸೆದು ಮುಗಿಸುವುದು

ದಣಿದ ಪೋಷಕರಿಗೆ ಎಲ್ಲಕ್ಕಿಂತ ಹೆಚ್ಚು ಹಿತವಾಗಿ ಕೇಳಿಸುವ ದಾರಿ ಇದು. ಒಂದೇ ದೊಡ್ಡ ಶಸ್ತ್ರಚಿಕಿತ್ಸೆ, ಮೂಳೆಗಳೆಲ್ಲ ಕೂಡಿ ಗಟ್ಟಿಯಾಗುತ್ತವೆ, ಆಮೇಲೆ ಉದ್ದೀಕರಣಗಳಿಲ್ಲ. ಬೆಳವಣಿಗೆ ಮುಗಿಯುತ್ತಾ ಬಂದ ಮಗುವಿಗೆ ಇದು ಸರಿಯಾದ ಆಯ್ಕೆಯೂ ಹೌದು. ಬೆಳವಣಿಗೆ ಎಷ್ಟು ಉಳಿದಿದೆ ಎಂಬುದನ್ನು ಬರೀ ವಯಸ್ಸಿನಿಂದ ಹೇಳುವುದಿಲ್ಲ; ಕೈಯ ಎಕ್ಸ್‌ರೇ, ಸೊಂಟದ ಮೂಳೆಯ ಬೆಳವಣಿಗೆಯ ಗುರುತು, ಹುಡುಗಿಯರಲ್ಲಿ ಋತುಚಕ್ರ ಆರಂಭವಾದ ಕಾಲ, ಎಲ್ಲವನ್ನೂ ಸೇರಿಸಿ ನೋಡುತ್ತಾರೆ.

ಎಳೆಯ ಮಗುವಿಗೆ ಅವಸರದಲ್ಲಿ ಇದನ್ನು ಮಾಡಿದರೆ ಎದೆಗೂಡಿನ ಬೆಳವಣಿಗೆ ನಿಲ್ಲುತ್ತದೆ. ಅಷ್ಟೇ ಅಲ್ಲ, ಬೆನ್ನಿನ ಹಿಂಭಾಗವನ್ನು ಮಾತ್ರ ಬೆಸೆದಾಗ ಮುಂಭಾಗ ಬೆಳೆಯುತ್ತಲೇ ಇದ್ದು ಬೆನ್ನು ತಿರುಚಿಕೊಳ್ಳುತ್ತದೆ. 1989ರಲ್ಲಿ ಫ್ರಾನ್ಸಿನ ಜೀನ್ ದುಬುಸೆ ಮತ್ತು ಸಂಗಡಿಗರು ಇದನ್ನು ವಿವರಿಸಿದ್ದರು. ಅಂದರೆ ಮುಗಿಯಿತು ಎಂದುಕೊಂಡದ್ದು ಮುಗಿದಿರುವುದಿಲ್ಲ.

ಬಿಗಿದುಕೊಂಡ ಬೆನ್ನನ್ನು ನೇರ ಮಾಡಲು ಮೂಳೆಯನ್ನೇ ಕತ್ತರಿಸಬೇಕಾಗಬಹುದು, ಆಗ ಬೆನ್ನುಹುರಿಗೆ ಅಪಾಯ ಹೆಚ್ಚು. ಶಸ್ತ್ರಚಿಕಿತ್ಸೆಯ ಉದ್ದಕ್ಕೂ ನರಗಳ ಸಂಕೇತಗಳನ್ನು ಯಂತ್ರದಲ್ಲಿ ಗಮನಿಸುತ್ತಿರುತ್ತಾರೆಯೇ ಎಂದು ಕೇಳುವುದು ಪೋಷಕರ ಹಕ್ಕು. ತೀವ್ರ ಡೊಂಕಿದ್ದರೆ ಮೊದಲು ಕೆಲವು ವಾರ ತಲೆಗೆ ಉಂಗುರ ಹಾಕಿ ನಿಧಾನವಾಗಿ ಎಳೆಯುವ ಹ್ಯಾಲೋ ಟ್ರ್ಯಾಕ್ಷನ್ ಕೂಡ ಉಂಟು. ನೋಡಲು ಭಯವಾದರೂ ಒಂದೇ ದಿನ ಬಲವಂತವಾಗಿ ನೇರ ಮಾಡುವುದಕ್ಕಿಂತ ನರಗಳಿಗೆ ಅದು ಹಿತ.

ಬೆಸುಗೆ ಎಲ್ಲಿಗೆ ನಿಲ್ಲುತ್ತದೆ ಎಂಬುದನ್ನೂ ತಿಳಿದುಕೊಳ್ಳಿ. ಗಾಲಿಕುರ್ಚಿಯಲ್ಲಿ ಕೂರುವ, ಸೊಂಟ ಒಂದು ಪಕ್ಕಕ್ಕೆ ವಾಲಿದ ಮಗುವಿಗೆ ಸೊಂಟದವರೆಗೂ ಬೆಸೆದರೆ ನೆಟ್ಟಗೆ ಕೂರಲು ಅನುಕೂಲ. ನಡೆಯುವ ಮಗುವಿಗೆ ಅದೇ ಬೆಸುಗೆ ನಡಿಗೆಯನ್ನು ಬದಲಿಸಿಬಿಡಬಹುದು. ಹಾಗೆಯೇ, ಬೆಳವಣಿಗೆ ಮುಗಿದ ಎಲ್ಲ ಮಕ್ಕಳಿಗೂ ಅಂತಿಮ ಬೆಸುಗೆ ಬೇಕೇ ಬೇಕು ಎಂದೇನಿಲ್ಲ. ಬೆನ್ನು ತಾನಾಗಿಯೇ ಕೂಡಿಕೊಂಡು, ಡೊಂಕು ಸ್ಥಿರವಾಗಿದ್ದು, ರಾಡ್ ತೊಂದರೆ ಕೊಡದಿದ್ದರೆ ಹಾಗೆಯೇ ಬಿಡುವ ವೈದ್ಯರೂ ಇದ್ದಾರೆ.

ತೆಗೆದುಹಾಕುವುದು

ಇದು ಬಹುಪಾಲು ಸೋಂಕಿನ ಸಂದರ್ಭದ ಮಾತು. ಲೋಹದ ಮೇಲೆ ರೋಗಾಣುಗಳು ಪೊರೆ ಕಟ್ಟಿಕೊಂಡರೆ ಔಷಧ ಅವುಗಳನ್ನು ಸುಲಭವಾಗಿ ಮುಟ್ಟುವುದಿಲ್ಲ. ಶಸ್ತ್ರಚಿಕಿತ್ಸೆಯಾದ ಕೆಲವೇ ವಾರಗಳಲ್ಲಿ ಬಂದ ಸೋಂಕನ್ನು ತೊಳೆದು, ರಾಡನ್ನು ಉಳಿಸಿಕೊಳ್ಳಲು ಯತ್ನಿಸುತ್ತಾರೆ. ವರ್ಷಗಳ ನಂತರ ಕಾಣಿಸಿಕೊಂಡ ಸೋಂಕಿಗೆ ಹೆಚ್ಚಾಗಿ ಲೋಹ ತೆಗೆಯಬೇಕಾಗುತ್ತದೆ. ಇಂತಹ ತಡವಾದ ಸೋಂಕಿಗೆ ಕಾರಣವಾಗುವ ಕ್ಯುಟಿಬ್ಯಾಕ್ಟೀರಿಯಂ ಎಂಬ ಚರ್ಮದ ರೋಗಾಣು ಬಹಳ ನಿಧಾನವಾಗಿ ಬೆಳೆಯುತ್ತದೆ. ರೋಗಾಣು ಬೆಳೆಯುತ್ತದೆಯೇ ಎಂದು ನೋಡುವ ಕಲ್ಚರ್ ಪರೀಕ್ಷೆಯನ್ನು ಎರಡು ವಾರದವರೆಗೆ ಇಟ್ಟು ನೋಡುತ್ತೀರಾ ಎಂದು ಕೇಳಿ, ಐದನೆಯ ದಿನದ ಸೋಂಕಿಲ್ಲ ಎಂಬ ವರದಿಯನ್ನು ಅಂತಿಮ ಎಂದುಕೊಳ್ಳಬೇಡಿ. ಬೆನ್ನು ಬೆಸೆದಿದ್ದರೆ ರಾಡ್ ತೆಗೆದರೂ ನಿಲ್ಲುತ್ತದೆ, ಆದರೂ ಡೊಂಕು ಸ್ವಲ್ಪ ಮರಳಬಹುದು. ಬೆಸೆಯದ ಬೆನ್ನಿನಿಂದ ತೆಗೆದರೆ ಗಳಿಸಿದ ತಿದ್ದುಪಡಿ ಕೈಬಿಡುತ್ತದೆ, ಮತ್ತೆ ಹಾಕುವವರೆಗೆ ಏನು ವ್ಯವಸ್ಥೆ ಎಂಬುದನ್ನು ಮೊದಲೇ ಮಾತನಾಡಿಕೊಳ್ಳಬೇಕು.

ತೀರ್ಮಾನಕ್ಕೆ ಮುನ್ನ ಕೈಯಲ್ಲಿ ಇರಬೇಕಾದ ಕಾಗದ

ಎರಡನೆಯ ಅಭಿಪ್ರಾಯ ಕೇಳಲು ಸಂಕೋಚ ಬೇಡ. ಹೋಗುವಾಗ ಮೊದಲ ಎಕ್ಸ್‌ರೇಯಿಂದ ಇತ್ತೀಚಿನವರೆಗಿನ ಎಲ್ಲವನ್ನೂ ದಿನಾಂಕದ ಕ್ರಮದಲ್ಲಿ ಒಯ್ಯಿರಿ. ಎಲ್ಲಕ್ಕಿಂತ ಮುಖ್ಯವಾಗಿ, ಹಿಂದಿನ ಶಸ್ತ್ರಚಿಕಿತ್ಸೆಯ ಟಿಪ್ಪಣಿ ಮತ್ತು ಒಳಗಿಟ್ಟ ಲೋಹದ ಕಂಪನಿ, ಮಾದರಿ, ಅಳತೆಗಳಿರುವ ಚೀಟಿ. ಒಂದು ಕಂಪನಿಯ ಸ್ಕ್ರೂ ಬಿಚ್ಚಲು ಇನ್ನೊಂದರ ಸ್ಕ್ರೂಡ್ರೈವರ್ ಎಷ್ಟೋ ಸಲ ಕೂರುವುದಿಲ್ಲ. ಸರಿಯಾದ ಉಪಕರಣ ಮೊದಲೇ ತರಿಸದಿದ್ದರೆ ರಾಡನ್ನು ಕತ್ತರಿಸಿ ತೆಗೆಯಬೇಕಾಗಿ, ಮಗು ಇನ್ನಷ್ಟು ಹೊತ್ತು ಮೇಜಿನ ಮೇಲೆ ಇರಬೇಕಾಗುತ್ತದೆ. ಆ ಚೀಟಿಯ ಫೋಟೊ ನನ್ನ ಮೊಬೈಲ್‌ನಲ್ಲಿ ಸದಾ ಇರುತ್ತದೆ.

ತೂಕ ಕಡಿಮೆಯಿರುವ ಮಗುವಿಗೆ ಗಾಯ ಮಾಯುವುದು ನಿಧಾನ, ಸೋಂಕಿನ ಅಪಾಯವೂ ಹೆಚ್ಚು. ತುರ್ತಿಲ್ಲದಿದ್ದರೆ ಕೆಲವು ತಿಂಗಳು ತೂಕ ಹೆಚ್ಚಿಸಲು, ವಿಟಮಿನ್ ಡಿ ಕೊರತೆ ತುಂಬಲು, ಶ್ವಾಸಕೋಶದ ಪರೀಕ್ಷೆ ಮಾಡಿಸಲು ಬಳಸಿಕೊಳ್ಳಿ. ಓದು ಕಲಿತ ಮಗುವನ್ನು ಮಾತುಕತೆಯ ಹೊರಗಿಡಬೇಡಿ. ಹೇಳದಿದ್ದರೂ ಮಕ್ಕಳಿಗೆ ಗೊತ್ತಾಗುತ್ತದೆ, ಮತ್ತು ಯಾವ ನೋವನ್ನು ತಾಳಬಲ್ಲೆ, ಯಾವುದನ್ನು ತಾಳಲಾರೆ ಎಂಬುದು ಅವರಿಗೇ ಹೆಚ್ಚು ತಿಳಿದಿರುತ್ತದೆ.

ಯಾವ ದಾರಿ ಹಿಡಿದರೂ ಕೆಲವು ಲಕ್ಷಣಗಳಿಗೆ ಮುಂದಿನ ಭೇಟಿಯ ದಿನಾಂಕ ಅನ್ವಯಿಸುವುದಿಲ್ಲ. ಕಾಲಿನ ಬಲ ಕುಂದುವುದು, ನಡಿಗೆ ಏಕಾಏಕಿ ಎಡವುವುದು, ಮೂತ್ರ ಅಥವಾ ಮಲದ ಹಿಡಿತ ತಪ್ಪುವುದು, ಜ್ವರದೊಂದಿಗೆ ಗಾಯದಿಂದ ಕೀವು ಬರುವುದು, ಚರ್ಮ ಸೀಳಿ ಲೋಹ ಕಾಣುವುದು, ಉಸಿರಾಟ ಕಷ್ಟವಾಗುವುದು, ಇವುಗಳಲ್ಲಿ ಒಂದು ಕಂಡರೂ ಅದೇ ದಿನ, ರಾತ್ರಿಯಾಗಿದ್ದರೂ, ಕಾಗದಪತ್ರಗಳನ್ನು ತೆಗೆದುಕೊಂಡು ಆಸ್ಪತ್ರೆಗೆ ಹೊರಡಿ.